‘ಡಿಡ್ ನಾಟ್ ವೆಂಟ್’ ಯಾಕೆ ತಪ್ಪು? ಓದುಗರ ಇಂಗ್ಲಿಷ್ ಪ್ರಶ್ನೆಗಳು

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಹೆಚ್ಚಿನವು ಟೆನ್ಸ್ ಬಗ್ಗೇನೇ ಇವೆ, ಹಾಗಾಗಿ ಬೇರೆ ಎಲ್ಲಾ ಪಕ್ಕಕ್ಕಿಟ್ಟು ಅದನ್ನೇ ಹಿಡ್ಕೊಳ್ಳೋಣ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಬರೆದಿದ್ರು, ಯಾರದ್ದೂ ಹಾಕಿಲ್ಲ.

ಪ್ರಶ್ನೆ: ಮೇಡಂ, 12 ಟೆನ್ಸಿನ ಚಾರ್ಟ್ ಪೂರ್ತಿ ಬಾಯಿಪಾಠ ಆಗಿದೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ. ಆದ್ರೆ ಯಾರಾದ್ರೂ ಇಂಗ್ಲಿಷಲ್ಲಿ ಮಾತಾಡ್ಸಿದ್ರೆ ಬಾಯಿ ಕಟ್ಟಿಹೋಗುತ್ತೆ. ಯಾಕೆ ಹೀಗೆ?

ಉತ್ತರ: ಯಾಕಂದ್ರೆ ಆ ಚಾರ್ಟ್ ಇಂಗ್ಲಿಷ್ ಬರೋವ್ರಿಗೆ ಚೆನ್ನಾಗಿ ಅರ್ಥ ಆಗುತ್ತೆ, ಕಲಿಯೋವ್ರಿಗಲ್ಲ! ಮೂರು ಕಾಲ, ಒಂದೊಂದಕ್ಕೆ ನಾಲ್ಕು ರೂಪ, ಒಟ್ಟು 12 ಅಂತ ಲೆಕ್ಕ ಹಾಕಿದ್ದಾರೆ ಅಷ್ಟೇ. ನಿಜ ಹೇಳ್ಬೇಕಂದ್ರೆ ಇಂಗ್ಲಿಷಲ್ಲಿ ಕ್ರಿಯಾಪದದ ಮೈಮೇಲೇ ಕಾಣೋ ಕಾಲ ಎರಡೇ, ‘ವರ್ಕ್’ ಮತ್ತೆ ‘ವರ್ಕ್ಡ್’. ಭವಿಷ್ಯಕ್ಕೆ ಅಂತ ಅದಕ್ಕೆ ಬೇರೆ ರೂಪಾನೇ ಇಲ್ಲ, ಪಕ್ಕದಲ್ಲಿ ‘ವಿಲ್’ ಇಟ್ಟು ಕೆಲಸ ಮಾಡ್ಕೊಳ್ತಾರೆ. ಅದಕ್ಕೇ ಭಾಷಾವಿಜ್ಞಾನಿಗಳು ಎಷ್ಟೋ ಜನ ಇಂಗ್ಲಿಷಿಗೆ ಎರಡೇ ಟೆನ್ಸ್ ಅಂತಾರೆ.

ನೀವು ಚಾರ್ಟ್ ಮಡಚಿಟ್ಟು ಇಷ್ಟು ಹಿಡ್ಕೊಳ್ಳಿ. ‘ವಿಲ್’ ಮತ್ತೆ ‘ಡು, ಡಸ್, ಡಿಡ್’ ಬಂದ್ರೆ ಮುಂದೆ ಮೂಲರೂಪ. ‘ಹ್ಯಾವ್, ಹ್ಯಾಸ್, ಹ್ಯಾಡ್’ ಬಂದ್ರೆ ಮುಂದೆ ಮೂರನೇ ರೂಪ, ಅಂದ್ರೆ ‘ರೈಟ್, ರೋಟ್, ರಿಟನ್’ನಲ್ಲಿ ಕೊನೇದು. ‘ಆಮ್, ಈಸ್, ಆರ್, ವಾಸ್, ವರ್, ಬೀ, ಬೀನ್’ ಬಂದ್ರೆ ಮುಂದೆ ‘ಇಂಗ್’ (ಪ್ಯಾಸಿವ್ ಬಂದಾಗ ಮಾತ್ರ ಇಲ್ಲೂ ಮೂರನೇ ರೂಪ, ‘ಇಟ್ ವಾಸ್ ರಿಟನ್’ ಥರ). ಈಗ ಚಾರ್ಟಲ್ಲಿ ಎಲ್ಲರನ್ನೂ ಹೆದರಿಸೋ ಆ ಕೊನೇ ಮನೆ ತಗೊಳ್ಳಿ, ‘ವಿಲ್ ಹ್ಯಾವ್ ಬೀನ್ ವರ್ಕಿಂಗ್’. ‘ವಿಲ್’ ಬಂತು, ಅದಕ್ಕೇ ‘ಹ್ಯಾವ್’ ಮೂಲರೂಪದಲ್ಲಿದೆ. ‘ಹ್ಯಾವ್’ ಬಂತು, ಅದಕ್ಕೇ ‘ಬೀ’ ಮೂರನೇ ರೂಪ ತಗೊಂಡು ‘ಬೀನ್’ ಆಯ್ತು. ‘ಬೀನ್’ ಬಂತು, ಅದಕ್ಕೇ ‘ವರ್ಕಿಂಗ್’. ಒಂದು ಪದ ತನ್ನ ಪಕ್ಕದವ್ರಿಗೆ ಮಾತ್ರ ಆರ್ಡರ್ ಮಾಡುತ್ತೆ, ಅದರಾಚೆ ಅದಕ್ಕೆ ಸಂಬಂಧ ಇಲ್ಲ. ಅಂದಹಾಗೆ ಈ ಕೊನೇ ಮನೆ ಬಳಸೋ ಸಂದರ್ಭ ತಿಂಗಳಿಗೊಂದು ಸಲಾನೂ ಬರಲ್ಲ, ಸುಮ್ನೆ ತಲೆ ಕೆಡಿಸ್ಕೊಬೇಡಿ.

ಪ್ರಶ್ನೆ: ‘ಐ ಡಿಡ್ ನಾಟ್ ವೆಂಟ್’ ಅಂದೆ, ಆಫೀಸಲ್ಲಿ ಎಲ್ರೂ ನಕ್ಕರು. ನಿನ್ನೆ ಮಾತು ತಾನೇ, ನಿನ್ನೆಗೆ ‘ವೆಂಟ್’ ತಾನೇ?

ಉತ್ತರ: ನಗೋದು ಬಿಟ್ಟು ಯಾಕೆ ಅಂತ ಹೇಳಿದ್ರೆ ಚೆನ್ನಾಗಿತ್ತು ಅವರು. ನಿಮ್ಮ ಲಾಜಿಕ್ ಸರಿ ಇದೆ, ಆದ್ರೆ ಕನ್ನಡದಲ್ಲೇ ನೀವು ಹಾಗೆ ಮಾಡಲ್ಲ ನೋಡಿ. ‘ಹೋದೆ’ ಅಂತೀವಿ, ಅದನ್ನ ಇಲ್ಲ ಅನ್ನೋಕೆ ‘ಹೋದೆಯಿಲ್ಲ’ ಅಂತ ಯಾರೂ ಅನ್ನಲ್ಲ, ‘ಹೋಗಲಿಲ್ಲ’ ಅಂತೀವಿ. ‘ಹೋದೆ’ಯಲ್ಲಿದ್ದ ‘ದ’ ಮಾಯ ಆಗಿ ‘ಹೋಗು’ ವಾಪಸ್ ಬಂತು, ಹಿಂದಿನ ಕಾಲದ ಭಾರ ಪೂರ್ತಿ ಆ ‘ಲಿಲ್ಲ’ದ ಮೇಲೆ. ಇಂಗ್ಲಿಷಲ್ಲಿ ಆ ಭಾರ ಹೊರೋದು ‘ಡಿಡ್’. ಒಬ್ಬರು ಹೊತ್ತ ಮೇಲೆ ಇನ್ನೊಬ್ಬರು ಹೊರಬೇಕಿಲ್ಲ, ಹಾಗಾಗಿ ‘ಡಿಡ್ ನಾಟ್ ಗೋ’.

ಇನ್ನೂ ಮಜಾ ಇದೆ. ‘ಹೋಗಿಲ್ಲ’ ಅನ್ನೋದು ಬೇರೆ, ಅಲ್ವಾ? ‘ಇನ್ನೂ ಹೋಗಿಲ್ಲ’ ಅಂತೀವಿ, ‘ಇನ್ನೂ ಹೋಗಲಿಲ್ಲ’ ಅಂದ್ರೆ ಸ್ವಲ್ಪ ಇರುಸುಮುರುಸು. ‘ಹೋಗಿ’ ಪ್ಲಸ್ ‘ಇಲ್ಲ’, ಅಂದ್ರೆ ‘ಹ್ಯಾವ್ ನಾಟ್ ಗಾನ್’. ‘ಹೋಗಲ್ಲ’ ಅಂದ್ರೆ ‘ಡು ನಾಟ್ ಗೋ’ ಅಥವಾ ‘ವಿಲ್ ನಾಟ್ ಗೋ’. ಹೋಗಲ್ಲ, ಹೋಗಲಿಲ್ಲ, ಹೋಗಿಲ್ಲ, ಈ ಮೂರನ್ನ ಚಿಕ್ಕ ಮಕ್ಕಳೂ ತಪ್ಪಿಲ್ಲದೆ ಬಳಸ್ತಾರೆ. ಇಂಗ್ಲಿಷಲ್ಲಿ ಇಲ್ಲ ಅನ್ಬೇಕಾದಾಗೆಲ್ಲ ಮೊದಲು ಈ ಮೂರರಲ್ಲಿ ಯಾವುದು ಅಂತ ಮನಸ್ಸಲ್ಲೇ ಕೇಳ್ಕೊಳ್ಳಿ.

ಪ್ರಶ್ನೆ: ‘ಐ ಸೆಂಟ್’ ಮತ್ತೆ ‘ಐ ಹ್ಯಾವ್ ಸೆಂಟ್’ ಎರಡಕ್ಕೂ ಏನು ಫರಕು? ‘ಈಗಷ್ಟೇ ಮುಗಿದ ಕೆಲಸಕ್ಕೆ ಪ್ರೆಸೆಂಟ್ ಪರ್ಫೆಕ್ಟ್’ ಅಂತ ಓದಿದ್ದೀನಿ, ಎಷ್ಟು ಹೊತ್ತಿನವರೆಗೆ ‘ಈಗಷ್ಟೇ’?

ಉತ್ತರ: ಆ ‘ಈಗಷ್ಟೇ’ ಅನ್ನೋ ವಿವರಣೆ ಎಷ್ಟು ಜನರ ದಾರಿ ತಪ್ಪಿಸಿದ್ಯೋ! ಗಡಿಯಾರಕ್ಕೂ ಇದಕ್ಕೂ ಸಂಬಂಧ ಕಮ್ಮಿ. ‘ಐ ಹ್ಯಾವ್ ರೆಡ್ ದಟ್ ಬುಕ್’ ಅಂದಾಗ ನೀವು ಓದಿ 20 ವರ್ಷ ಆಗಿದ್ರೂ ವಾಕ್ಯ ಸರಿನೇ.

ಕನ್ನಡದಲ್ಲಿ ಹೇಳಿ ನೋಡಿ: ಕಳ್ಸಿದೆ, ಕಳ್ಸಿದ್ದೀನಿ, ಕಳ್ಸಿದ್ದೆ. ಮೊದಲನೇದು ‘ಸೆಂಟ್’, ಎರಡನೇದು ‘ಹ್ಯಾವ್ ಸೆಂಟ್’, ಮೂರನೇದು ‘ಹ್ಯಾಡ್ ಸೆಂಟ್’. ‘ಕಳ್ಸಿದ್ದೀನಿ’ಯಲ್ಲಿ ಕೊನೆಗೆ ‘ಇದ್ದೀನಿ’ ಇದೆ, ಅದು ಈಗಿನ ಮಾತು, ಅಂದ್ರೆ ಕೆಲಸ ಹಿಂದೆ ಆಗಿದ್ರೂ ನಾನು ಹೇಳ್ತಿರೋದು ಈಗಿನ ಸ್ಥಿತಿ, ಮೇಲ್ ಹೋಗಿದೆ, ನೀವು ನೋಡ್ಬಹುದು. ‘ಹ್ಯಾವ್’ ಕೂಡ ಪ್ರೆಸೆಂಟೇ, ಅದೇ ಕಾರಣಕ್ಕೆ ಹೆಸರಲ್ಲೂ ಪ್ರೆಸೆಂಟ್ ಅಂತಿರೋದು.

ಇಲ್ಲಿವರೆಗೆ ಎರಡೂ ಭಾಷೆ ಜೊತೆಜೊತೆಗೇ ಬರುತ್ತೆ, ದಾರಿ ಬೇರೆ ಆಗೋದು ಇಲ್ಲಿ. ನಾವು ‘ನಿನ್ನೆನೇ ಕಳ್ಸಿದ್ದೀನಿ’ ಅಂತ ಆರಾಮಾಗಿ ಅಂತೀವಿ. ಇಂಗ್ಲಿಷಲ್ಲಿ ‘ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್ಡೇ’ ನಡೆಯಲ್ಲ. ಮುಗಿದುಹೋದ ಸಮಯದ ಹೆಸರು ವಾಕ್ಯದಲ್ಲಿ ಬಂತು ಅಂದ್ರೆ, ‘ಯೆಸ್ಟರ್ಡೇ’, ‘ಲಾಸ್ಟ್ ವೀಕ್’, ‘ಇನ್ 2019’, ‘ಟು ಅವರ್ಸ್ ಅಗೋ’ ಇಂಥದ್ದು, ‘ಹ್ಯಾವ್’ ಜಾಗ ಖಾಲಿ ಮಾಡ್ಬೇಕು. ‘ಆಲ್ರೆಡಿ’, ‘ಯೆಟ್’, ‘ಎವರ್’, ‘ನೆವರ್’, ‘ಸೋ ಫಾರ್’, ಇನ್ನೂ ಮುಗಿಯದ ‘ದಿಸ್ ವೀಕ್’, ಇವೆಲ್ಲ ‘ಹ್ಯಾವ್’ ಜೊತೆ ಚೆನ್ನಾಗಿ ಹೊಂದ್ಕೊಳ್ಳುತ್ತೆ. ಮಾತುಕತೆಯಲ್ಲಿ ನೋಡಿ:

‘ಹ್ಯಾವ್ ಯು ಸೆಂಟ್ ದ ಮೇಲ್?’
‘ಯೆಸ್, ಐ ಹ್ಯಾವ್.’
‘ವೆನ್ ಡಿಡ್ ಯು ಸೆಂಡ್ ಇಟ್?’
‘ಐ ಸೆಂಟ್ ಇಟ್ ಯೆಸ್ಟರ್ಡೇ.’

ಯಾವಾಗ ಅನ್ನೋ ಪ್ರಶ್ನೆ ಎದ್ದ ಕ್ಷಣಾನೇ ಎರಡೂ ಕಡೆಯವರು ‘ಹ್ಯಾವ್’ ಬಿಟ್ರು, ಕೇಳಿದವರು ‘ಡಿಡ್’ಗೆ, ಹೇಳಿದವರು ಬರೀ ‘ಸೆಂಟ್’ಗೆ ಜಾರಿದ್ರು. ಅಮೆರಿಕನ್ನರು ಇನ್ನೂ ಸಲೀಸು, ‘ಐ ಆಲ್ರೆಡಿ ಸೆಂಟ್ ಇಟ್’ ಅಂದುಬಿಡ್ತಾರೆ, ಬ್ರಿಟಿಷ್ ಪುಸ್ತಕ ಓದಿದವರು ಅಲ್ಲಿ ‘ಹ್ಯಾವ್’ ಹುಡುಕ್ತಾರೆ. ಸಿನಿಮಾದಲ್ಲಿ ಹಾಗೆ ಕೇಳಿದ್ರೆ ಗಾಬರಿ ಬೇಡ.

‘ಹ್ಯಾಡ್’ ವಿಷಯಕ್ಕೆ ನಮ್ಮವರದ್ದೊಂದು ವಿಶೇಷ ಅಭ್ಯಾಸ ಇದೆ. ‘ನಿನ್ನೆ ಅಲ್ಲಿಗೆ ಹೋಗಿದ್ದೆ’ ಅನ್ನೋದನ್ನ ಹಾಗೇ ಎತ್ತಿ ‘ಐ ಹ್ಯಾಡ್ ಗಾನ್ ದೇರ್ ಯೆಸ್ಟರ್ಡೇ’ ಅಂತಾರೆ. ಅಲ್ಲಿ ‘ಐ ವೆಂಟ್’ ಸಾಕು. ‘ಹ್ಯಾಡ್’ ಬೇಕಾಗೋದು ಹಿಂದೆ ನಡೆದಿದ್ದು ಎರಡಿದ್ದು, ಅದರಲ್ಲಿ ಒಂದು ಇನ್ನೂ ಮುಂಚೆ ಆಗಿಹೋಗಿತ್ತು ಅಂತ ತೋರಿಸ್ಬೇಕಾದಾಗ. ‘ವೆನ್ ವಿ ರೀಚ್ಡ್ ದ ಸ್ಟೇಷನ್, ದ ಟ್ರೈನ್ ಹ್ಯಾಡ್ ಲೆಫ್ಟ್’ ಅಂದ್ರೆ ಪ್ಲಾಟ್‌ಫಾರ್ಮ್ ಖಾಲಿ. ‘ಹ್ಯಾಡ್’ ತೆಗೆದು ಬರೀ ‘ದ ಟ್ರೈನ್ ಲೆಫ್ಟ್’ ಅಂದ್ರೆ ನೀವು ಹೋಗ್ತಿದ್ದ ಹಾಗೇ ಟ್ರೈನ್ ಹೊರಟಿತು ಅಂತ ಆಗುತ್ತೆ, ಓಡಿದ್ರೆ ಸಿಕ್ತಿತ್ತೇನೋ.

ಪ್ರಶ್ನೆ: ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ತ್ರೀ ಇಯರ್ಸ್’, ಇದ್ರಲ್ಲಿ ತಪ್ಪೇನು? ಇಂಟರ್ವ್ಯೂನಲ್ಲಿ ತಿದ್ದಿದ್ರು.

ಉತ್ತರ: ಎರಡು ತಪ್ಪು. ‘ಮೂರು ವರ್ಷದಿಂದ’, ‘ಸೋಮವಾರದಿಂದ’ ಎರಡಕ್ಕೂ ನಮಗೆ ಒಂದೇ ‘ಇಂದ’ ಸಾಕು, ಅವರಿಗೆ ಸಾಲಲ್ಲ. ಎಷ್ಟು ಕಾಲ ಅಂತ ಹೇಳೋಕೆ ‘ಫಾರ್ ತ್ರೀ ಇಯರ್ಸ್’, ಎಲ್ಲಿಂದ ಶುರು ಅಂತ ಹೇಳೋಕೆ ‘ಸಿನ್ಸ್ ಮಂಡೇ’, ‘ಸಿನ್ಸ್ 2021’. ಇನ್ನೊಂದು, ಹಿಂದೆ ಶುರುವಾಗಿ ಈಗಲೂ ನಡೀತಿರೋದಕ್ಕೆ ನಾವು ‘ಮಾಡ್ತಾ ಇದ್ದೀನಿ’ ಅಂದ್ರೆ ಮುಗೀತು, ಅಲ್ಲಿ ‘ಹ್ಯಾವ್ ಬೀನ್ ವರ್ಕಿಂಗ್’ ಬೇಕು. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ತ್ರೀ ಇಯರ್ಸ್.’ ಈ ಒಂದು ವಾಕ್ಯ ಮಾತ್ರ ಹಾಗೇ ಬಾಯಿಪಾಠ ಮಾಡಿಟ್ಕೊಳ್ಳಿ, ಇಂಟರ್ವ್ಯೂಗೆ ಬಂದೇ ಬರುತ್ತೆ.

ಪ್ರಶ್ನೆ: ‘ಹಿ ಗೋ’, ‘ಶಿ ನೋ’ ಅಂತ ಬಾಯಿಗೆ ಬಂದುಬಿಡುತ್ತೆ, ‘ಎಸ್’ ನೆನಪೇ ಆಗಲ್ಲ.

ಉತ್ತರ: ಮಾಡ್ತೀನಿ, ಮಾಡ್ತೀಯ, ಮಾಡ್ತಾನೆ, ಮಾಡ್ತಾಳೆ, ಮಾಡುತ್ತೆ, ಮಾಡ್ತೀವಿ, ಮಾಡ್ತಾರೆ ಅಂತ ಇಷ್ಟೆಲ್ಲಾ ಬದಲಾಯಿಸೋ ನಾವು ಇಂಗ್ಲಿಷಿನ ಒಂದೇ ಒಂದು ‘ಎಸ್’ ಮರೀತೀವಿ! ಓದೋವಾಗ ‘ಎಸ್’ ಕೊನೆಯಲ್ಲಿರೋ ಕಡೆ ಬೇಕಂತಲೇ ಒತ್ತಿ ಗಟ್ಟಿಯಾಗಿ ಓದಿ, ನಾಲಿಗೆಗೆ ಅಭ್ಯಾಸ ಆಗ್ಬೇಕು, ರೂಲ್ ನಿಮಗೆ ಗೊತ್ತೇ ಇದೆ. ‘ಡಸ್’ ಬಂದ್ರೆ ‘ಎಸ್’ ಅದರಲ್ಲೇ ಇದೆ, ‘ಡಸ್ ಶಿ ನೋ’ ಅಷ್ಟೇ.

ಪ್ರಶ್ನೆ: ‘ಐ ಆಮ್ ಹ್ಯಾವಿಂಗ್ ಟು ಬ್ರದರ್ಸ್’, ‘ಐ ಆಮ್ ನೋಯಿಂಗ್ ಹಿಮ್’, ಎಲ್ರೂ ಹೀಗೇ ಅಂತಾರಲ್ಲ?

ಉತ್ತರ: ಅಂತಾರೆ, ಆದ್ರೂ ಪರೀಕ್ಷೆಯಲ್ಲಿ ಮಾರ್ಕ್ಸ್ ಹೋಗುತ್ತೆ. ‘ಇಬ್ಬರು ತಮ್ಮಂದಿರಿದ್ದಾರೆ’ ಅಂತೀವೇ ಹೊರತು ‘ಇರ್ತಾ ಇದ್ದಾರೆ’ ಅನ್ನಲ್ಲ. ನಡೀತಾ ಇರೋ ಕೆಲಸಕ್ಕೆ ‘ಇಂಗ್’, ಸುಮ್ನೆ ಇರೋ ಸ್ಥಿತಿಗೆ ಬೇಡ: ‘ನೋ’, ‘ವಾಂಟ್’, ‘ಬಿಲೀವ್’, ‘ಬಿಲಾಂಗ್’, ‘ಅಂಡರ್‌ಸ್ಟ್ಯಾಂಡ್’. ‘ಅರ್ಥ ಆಗ್ತಾ ಇಲ್ಲ’ ಅನ್ನೋದೊಂದು ಮಾತ್ರ ನಮ್ಮನ್ನ ಮೋಸ ಮಾಡುತ್ತೆ, ಅದು ‘ಐ ಡೋಂಟ್ ಅಂಡರ್‌ಸ್ಟ್ಯಾಂಡ್’. ‘ವಿ ಆರ್ ಹ್ಯಾವಿಂಗ್ ಎ ಮೀಟಿಂಗ್’ ಸರಿ, ಅಲ್ಲಿ ‘ಹ್ಯಾವ್’ ಅಂದ್ರೆ ನಡೆಸೋ ಕೆಲಸ.

ಪ್ರಶ್ನೆ: ಇರ್ರೆಗ್ಯುಲರ್ ವರ್ಬ್ ಪಟ್ಟಿ ನೋಡಿದ್ರೇನೇ ಸುಸ್ತಾಗುತ್ತೆ. ಶಾರ್ಟ್‌ಕಟ್ ಇದ್ಯಾ?

ಉತ್ತರ: ಎ ಇಂದ ಝಡ್ ಅಂತ ಓದಿದ್ರೆ ಸುಸ್ತಾಗದೆ ಇನ್ನೇನು. ಪಟ್ಟಿ ಹರಿದು ಸದ್ದಿನ ಪ್ರಕಾರ ಗುಂಪು ಮಾಡಿ. ‘ಕಟ್, ಪುಟ್, ಹಿಟ್, ಶಟ್, ಲೆಟ್’ ಬದಲಾಗೋದೇ ಇಲ್ಲ. ‘ಸಿಂಗ್-ಸ್ಯಾಂಗ್-ಸಂಗ್’ ಹಾದಿಯಲ್ಲೇ ‘ರಿಂಗ್, ಡ್ರಿಂಕ್, ಸ್ವಿಮ್, ಬಿಗಿನ್’. ‘ಬ್ರಿಂಗ್, ಥಿಂಕ್, ಬೈ, ಕ್ಯಾಚ್, ಟೀಚ್’ ಎಲ್ಲಾ ಒಂದೇ ಥರ ಮುಗಿಯುತ್ತೆ, ‘ಬ್ರಾಟ್, ಥಾಟ್, ಬಾಟ್, ಕಾಟ್, ಟಾಟ್’. ನಮ್ಮಲ್ಲೂ ಹೀಗೇ ಅಲ್ವಾ, ಬರು-ಬಂದ, ತರು-ತಂದ ಒಂದು ಗುಂಪು, ಕೊಡು-ಕೊಟ್ಟ, ಇಡು-ಇಟ್ಟ, ಬಿಡು-ಬಿಟ್ಟ ಇನ್ನೊಂದು, ಬೀಳು-ಬಿದ್ದ, ಏಳು-ಎದ್ದ ಮತ್ತೊಂದು. ದಿನಾ ಬಾಯಲ್ಲಿ ಆಡೋ ಹಳೇ ಪದಗಳೇ ಎರಡೂ ಕಡೆ ಹಠ ಮಾಡೋದು, ಹೊಸದಾಗಿ ಬಂದ ಪದಗಳು ತೆಪ್ಪಗೆ ‘ಇಡಿ’ ಹಾಕ್ಕೊಳ್ಳುತ್ತೆ, ‘ಗೂಗಲ್’ ಹೋಗಿ ‘ಗೂಗಲ್ಡ್’ ಆಗೋ ಹಾಗೆ. ಆ ‘ಇಡಿ’ ಉಚ್ಚಾರಣೆ ಮೂರು ಥರ: ‘ವಾಕ್ಟ್’, ‘ಕಾಲ್ಡ್’, ‘ವಾಂಟಿಡ್’. ‘ಟ’ ಅಥವಾ ‘ಡ’ ಸದ್ದಿಂದ ಮುಗಿಯೋ ಪದಕ್ಕೆ ಮಾತ್ರ ‘ಇಡ್’, ‘ವಾಕಿಡ್’ ಅಂತೆಲ್ಲ ಎಳೀಬೇಡಿ.

ಪ್ರಶ್ನೆ: ‘ನಾಳೆ ಬರ್ತೀನಿ’ಗೆ ‘ಐ ವಿಲ್ ಕಮ್’ ಸರಿನಾ, ‘ಐ ಆಮ್ ಕಮಿಂಗ್’ ಸರಿನಾ?

ಉತ್ತರ: ಎರಡೂ. ಮೊದಲೇ ಗೊತ್ತಾಗಿರೋ ಪ್ಲಾನ್ ಆದ್ರೆ ‘ಐ ಆಮ್ ಕಮಿಂಗ್ ಟುಮಾರೋ’, ಕೇಳಿದಾಗ ಆಗಲೇ ಮನಸ್ಸು ಮಾಡಿ ಹೇಳೋದಾದ್ರೆ ‘ಓಕೆ, ಐ ವಿಲ್ ಕಮ್’. ಆದ್ರೆ ‘ಇಫ್’ ಬಂದ್ರೆ ಅದರ ಪಕ್ಕ ‘ವಿಲ್’ ಬೇಡ, ‘ಇಫ್ ಇಟ್ ರೇನ್ಸ್, ಐ ವಿಲ್ ಸ್ಟೇ’. ‘ನಾಳೆ ಮಳೆ ಬಂದ್ರೆ’ ಅಂತ ನಾವೂ ಬರದ ಮಳೆಗೆ ‘ಬಂದ’ ಅಂಟಿಸ್ತೀವಲ್ಲ, ಅವರನ್ನ ಬೈಯೋ ಹಾಗಿಲ್ಲ.

ಪ್ರಶ್ನೆ: ‘ಐ ಯೂಸ್ಡ್ ಟು ಗೆಟ್ ಅಪ್ ಅಟ್ ಸಿಕ್ಸ್’ ಅಂದ್ರೆ ದಿನಾ ಆರಕ್ಕೆ ಏಳ್ತೀನಿ ಅಂತ ತಾನೇ?

ಉತ್ತರ: ಅಲ್ಲ, ಏಳ್ತಿದ್ದೆ, ಈಗ ಏಳಲ್ಲ ಅಂತ! ಈಗಲೂ ಏಳ್ತಿದ್ರೆ ಬರೀ ‘ಐ ಗೆಟ್ ಅಪ್ ಅಟ್ ಸಿಕ್ಸ್’ ಅನ್ನಿ, ಇಲ್ಲಾಂದ್ರೆ ಕೇಳಿದವರು ಯಾವಾಗ ಬಿಟ್ರಿ ಅಂತ ಕೇಳ್ತಾರೆ.