ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನಿಜವಾಗಿ ಎಷ್ಟು ಗಂಟೆ?

ಪ್ರಶ್ನೆ: ಮಗಳ ಬಾಣಂತನಕ್ಕೆ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಬೇಕು. ಬೆಂಗಳೂರಿನಿಂದ 14 ಸಾವಿರ ಕಿ.ಮೀ. ಎಂದು ಮೊಬೈಲ್ ತೋರಿಸುತ್ತದೆ. ವಿಮಾನ ಗಂಟೆಗೆ 900 ಕಿ.ಮೀ. ಹೋಗುತ್ತದಂತೆ. ಹಾಗಾದರೆ ಹದಿನೈದೂವರೆ ಗಂಟೆ ಸಾಕಲ್ವಾ? ವಾಪಸ್ ಬರಲು ಎರಡು ದಿನ ಬೇಕು ಅಂತಾರೆ, ನಿಜವಾ?
– ಓದುಗರು, ತುಮಕೂರು

ಉತ್ತರ: ಮೊಬೈಲ್ ತೋರಿಸಿದ ದೂರ ಸರಿಯಾಗಿದೆ. ಆದರೆ ಅದು ಭೂಮಿಯ ಮೇಲೆ ನೇರವಾಗಿ ದಾರ ಎಳೆದರೆ ಸಿಗುವ ದೂರ. ಆ ದಾರ ಟಿಬೆಟ್, ಸೈಬೀರಿಯಾ ದಾಟಿ ಉತ್ತರ ಧ್ರುವದ ಕಡೆಗೆ ಏರಿ ಅಲಾಸ್ಕಾದತ್ತ ಇಳಿಯುತ್ತದೆ. ವಿಮಾನ ಅದರ ಮೇಲೇ ಹೋಗಲು ಆಗುವುದಿಲ್ಲ.

ಟಿಬೆಟ್ಟನ್ನೇ ನೋಡಿ. ಕ್ಯಾಬಿನ್ನಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಬೇಗನೆ ಸುಮಾರು 3 ಕಿ.ಮೀ. ಎತ್ತರಕ್ಕೆ ಇಳಿಯಬೇಕು. ಅಲ್ಲಿ ನೆಲವೇ 4 ಕಿ.ಮೀ.ಗಿಂತ ಮೇಲಿದೆ. ತಲೆಯ ಮೇಲಿಂದ ಬೀಳುವ ಮಾಸ್ಕಿನ ಆಮ್ಲಜನಕ ತುಂಬ ಹೊತ್ತು ಬರುವುದಿಲ್ಲ. ಹಾಗಾಗಿ ಹೆಚ್ಚಿನ ವಿಮಾನಗಳು ಆ ಪ್ರದೇಶವನ್ನು ಬಿಟ್ಟು ಸುತ್ತಿಕೊಂಡು ಹೋಗುತ್ತವೆ. ಇದರ ಜೊತೆಗೆ ರಾಜಕೀಯ ಬೇರೆ. 2022ರಿಂದ ಅಮೆರಿಕದ ಕಂಪನಿಗಳು ರಷ್ಯಾದ ಮೇಲೆ ಹಾರುವಂತಿಲ್ಲ.

ಇನ್ನು ಗಾಳಿ. ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿ ಬೀಸುತ್ತದೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿ.ಮೀ. ದಾಟುವುದುಂಟು. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬದಲು ಪೆಸಿಫಿಕ್ ಸಾಗರದ ಮೇಲೆ ಕಳಿಸಿತು. ದಾರಿ ಸುಮಾರು 1,400 ಕಿ.ಮೀ. ಜಾಸ್ತಿಯಾಯಿತು, ಒಟ್ಟು 15,300 ಕಿ.ಮೀ. ಆದರೂ ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿತು, ಮೊದಲಿಗಿಂತ ಬೇಗ! ಗಾಳಿ ಬೆನ್ನಿಗಿದ್ದರೆ ಹೀಗೆ. ಅದಕ್ಕೇ ಕಿಲೋಮೀಟರನ್ನು ವೇಗದಿಂದ ಭಾಗಿಸಿ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ತಡೆರಹಿತ ವಿಮಾನವಾದರೆ 16ರಿಂದ 18 ಗಂಟೆ ಎಂದಿಟ್ಟುಕೊಳ್ಳಿ.

ಎರಡು ದಿನದ ಮಾತು ಗಡಿಯಾರದ್ದು. ಚಳಿಗಾಲದಲ್ಲಿ ನಾವು ಅಲ್ಲಿಗಿಂತ ಹದಿಮೂರೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಈ ಎರಡು ಊರುಗಳ ನಡುವಿನ ಏರ್ ಇಂಡಿಯಾದ ಮೊದಲ ತಡೆರಹಿತ ವಿಮಾನ 2021ರ ಜನವರಿ 9ರ ರಾತ್ರಿ ಅಲ್ಲಿಂದ ಹೊರಟು, ಉತ್ತರ ಧ್ರುವದ ಮೇಲಿಂದ ಬಂದು, 11ರ ನಸುಕಿನಲ್ಲಿ ಬೆಂಗಳೂರಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಗಿದ್ದ ಪೈಲಟ್‌ಗಳೆಲ್ಲ ಮಹಿಳೆಯರೇ. ಕ್ಯಾಲೆಂಡರಿನಲ್ಲಿ ಎರಡು ದಿನ ಕಳೆದಿತ್ತು, ಹಾರಿದ್ದು ಸುಮಾರು 17 ಗಂಟೆ. ಹೋಗುವಾಗ ಇದರ ಉಲ್ಟಾ: ಚಳಿಗಾಲದಲ್ಲಿ ಮಧ್ಯಾಹ್ನ 2ಕ್ಕೆ ಹೊರಟು ಹದಿನಾರೂವರೆ ಗಂಟೆ ಹಾರಿದರೂ ಅಲ್ಲಿ ಅದೇ ದಿನ ಸಂಜೆ 5.

ತಡೆರಹಿತ ವಿಮಾನ ಸಿಗದಿದ್ದರೆ ಒಂದು ಕಡೆ ಇಳಿದು ಹತ್ತಬೇಕಾಗುತ್ತದೆ. ಒಟ್ಟು 20ರಿಂದ 26 ಗಂಟೆ ಹಿಡಿಯಬಹುದು. ನನ್ನ ಪ್ರಕಾರ ಮೊದಲ ಸಲ ಒಬ್ಬರೇ ಹೋಗುವವರಿಗೆ ನಡುವೆ ಮೂರು ಗಂಟೆಯಾದರೂ ಬಿಡುವಿರಲಿ. ಎರಡೂ ವಿಮಾನ ಒಂದೇ ಟಿಕೆಟ್ಟಿನಲ್ಲಿರಲಿ, ಮೊದಲನೆಯದು ತಡವಾದರೆ ಮುಂದಿನದಕ್ಕೆ ಕಂಪನಿಯೇ ವ್ಯವಸ್ಥೆ ಮಾಡುತ್ತದೆ. ನಡೆಯಲು ಕಷ್ಟವಾಗುವುದಾದರೆ ಗಾಲಿ ಕುರ್ಚಿ ಬೇಕೆಂದು ಟಿಕೆಟ್ ಮಾಡಿಸುವಾಗಲೇ ಮಗಳಿಗೆ ಹೇಳಿ ಬರೆಸಿ.