ತೂಕ ಇಳಿಯಿತು ಅಂತ ಖುಷಿಪಡೋ ಮೊದಲು ಅಪ್ಪನನ್ನು ಕುರ್ಚಿಯಿಂದ ಎಬ್ಬಿಸಿ ನೋಡಿ

ಗುಂಪಿನಲ್ಲಿ ನಿಮ್ಮ ಪ್ರಶ್ನೆ ಓದಿ ನಿದ್ದೆ ಬರಲಿಲ್ಲ, ಅದಕ್ಕೇ ಈಗಲೇ ಬರೆಯುತ್ತಿದ್ದೇನೆ. ಅಪ್ಪನಿಗೆ 72, ಸ್ಟೆಂಟ್ ಹಾಕಿ ಎಂಟು ತಿಂಗಳು. 8 ಕೆಜಿ ಇಳಿದಿದ್ದಾರೆ, ದಿನಾ 8 ಕಿಲೋಮೀಟರ್ ನಡೆಯುತ್ತಾರೆ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 48, ಕಿಡ್ನಿ ನೋಡಲು ಮಾಡಿಸುವ ಕ್ರಿಯಾಟಿನಿನ್ 0.7. ರಕ್ತ ನೋಡಿ ದೇಹದ ವಯಸ್ಸು ಹೇಳುವ ಟೆಸ್ಟ್‌ನಲ್ಲಿ 65 ಅಂತ ಬಂದಿದೆ. ಇನ್ನು ರಾತ್ರಿ ಊಟವನ್ನೂ ನಿಲ್ಲಿಸಿ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬಿಡಿಸಬಹುದಾ ಅಂತ ಕೇಳಿದ್ದೀರಿ. ಬೇಡಪ್ಪಾ, ಎರಡೂ ಬೇಡ. ಇದೇ ದಾರಿಯಲ್ಲಿ ನಾನು ನಮ್ಮ ಯಜಮಾನರನ್ನು ಐದು ತಿಂಗಳು ನಡೆಸಿದ್ದೇನೆ.

ಅವರಿಗೆ ಬೈಪಾಸ್ ಆದಾಗ 68 ವರ್ಷ. ನನಗೆ ಭಯ. ಎಣ್ಣೆ ಪೂರ್ತಿ ನಿಲ್ಲಿಸಿದೆ. ಬೆಳಿಗ್ಗೆ ನಿಂಬೆ ಜೇನು ನೀರು, ಆಮೇಲೆ ನೀರಲ್ಲಿ ಬೇಯಿಸಿದ ಓಟ್ಸ್. ಮಧ್ಯಾಹ್ನ ಸಣ್ಣ ಮುದ್ದೆ, ಮೇಲೆ ತಿಳಿ ಸಾರು, ನೀರು ಮಜ್ಜಿಗೆ. ರಾತ್ರಿ ಪರಂಗಿ ಹಣ್ಣು. ಕುಕ್ಕರಹಳ್ಳಿ ಕೆರೆಗೆ ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು. 67 ಕೆಜಿ ಇದ್ದವರು 58ಕ್ಕೆ ಬಂದರು. ವಾಚಿನ ಬೆಲ್ಟಿಗೆ ಎರಡು ಹೊಸ ತೂತು ಹಾಕಿಸಿದೆವು. ಬಂದವರಿಗೆಲ್ಲ ಅದನ್ನು ತೋರಿಸಿ ಹೇಳಿಕೊಂಡೆ. ಕ್ರಿಯಾಟಿನಿನ್ 1.1 ಇದ್ದದ್ದು 0.8 ಆಯಿತು, ಕಿಡ್ನಿಯೂ ಸುಧಾರಿಸಿತು ಅಂದುಕೊಂಡೆ.

ಆಮೇಲೆ ನಂಜನಗೂಡಿನಲ್ಲಿ ನೆಂಟರ ಮನೆ ಗೃಹಪ್ರವೇಶ. ನೆಲದ ಮೇಲೆ ಪಂಕ್ತಿ. ಮಜ್ಜಿಗೆ ಅನ್ನ ಮುಗಿದು ಎಲ್ಲರೂ ಎದ್ದರು, ಇವರು ಏಳಲಿಲ್ಲ. ಒಂದು ಕೈ ನೆಲಕ್ಕೆ ಊರಿದರು, ಎಲೆಯ ಮೇಲಿದ್ದ ಸಾರಿನಲ್ಲಿ ಕೈ ಜಾರಿತು. ಮತ್ತೆ ಊರಿದರು. ಬಡಿಸುತ್ತಿದ್ದ ಇಬ್ಬರು ಹುಡುಗರು ಬಂದು ಕಂಕುಳಿಗೆ ಕೈ ಕೊಟ್ಟು ಎತ್ತಿದರು. ಎದೆ ನೋವಿಲ್ಲ, ಉಬ್ಬಸ ಇಲ್ಲ. ಕಾರಲ್ಲಿ ಕೂತ ಮೇಲೆ "ಕಾಲಲ್ಲಿ ಜೀವಾನೇ ಇಲ್ಲ ಕಣೇ" ಅಂದರು. ಆ ಮಾತು ಇನ್ನೂ ಕಿವಿಯಲ್ಲಿದೆ.

ಕರಗಿದ್ದು ಬರೀ ಕೊಬ್ಬಲ್ಲ, ಮಾಂಸಖಂಡವೂ ಹೋಗಿತ್ತು. ಕ್ರಿಯಾಟಿನಿನ್ ಹುಟ್ಟೋದೇ ಮಾಂಸಖಂಡದಿಂದ. ಮಾಂಸ ಕಡಿಮೆಯಾದರೆ ಅದೂ ಇಳಿಯುತ್ತದೆ, ಕಿಡ್ನಿ ಇದ್ದ ಹಾಗೇ ಇದ್ದರೂ ರಿಪೋರ್ಟ್ ಚೆನ್ನಾಗಿ ಕಾಣುತ್ತದೆ. ಅನುಮಾನ ಇದ್ದರೆ ಸಿಸ್ಟಾಟಿನ್ ಸಿ ಅನ್ನುವ ಇನ್ನೊಂದು ಕಿಡ್ನಿ ಟೆಸ್ಟ್ ಮಾಡಿಸಬೇಕಾ ಅಂತ ಡಾಕ್ಟರನ್ನು ಕೇಳಿ, ಅದು ಮಾಂಸ ಎಷ್ಟಿದೆ ಅನ್ನೋದರಿಂದ ಅಷ್ಟು ಬದಲಾಗೋದಿಲ್ಲ.

ಈಗ ನಿಮ್ಮ 65ರ ವಿಷಯ. ನನ್ನ ಮಗಳು ಲ್ಯಾಬಿನಲ್ಲಿದ್ದಾಳೆ, ಅವಳು ಬಿಡಿಸಿ ಹೇಳಿದ್ದು ಇದು. ರಕ್ತದಿಂದ ವಯಸ್ಸು ಹೇಳುವ ಲೆಕ್ಕಗಳಲ್ಲಿ ಹೆಸರಾದದ್ದು ಫಿನೋಏಜ್, 2018ರಲ್ಲಿ ಮಾರ್ಗನ್ ಲೆವಿನ್ ಮತ್ತು ಜೊತೆಯವರು ಪ್ರಕಟಿಸಿದ್ದು. ಅದಕ್ಕೆ ನಿಜವಾದ ವಯಸ್ಸಿನ ಜೊತೆ ಬೇಕಿರೋದು ಒಂಬತ್ತೇ ಅಂಕಿ: ಆಲ್ಬುಮಿನ್, ಕ್ರಿಯಾಟಿನಿನ್, ಗ್ಲೂಕೋಸ್, ಸಿಆರ್‌ಪಿ (ಮೈಯಲ್ಲಿ ಉರಿಯೂತ ಇದ್ದರೆ ಏರೋದು), ಲಿಂಫೋಸೈಟ್ ಶೇಕಡಾ, ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ), ಆರ್‌ಡಿಡಬ್ಲ್ಯೂ (ಆ ಗಾತ್ರದ ಏರುಪೇರು), ಆಲ್ಕಲೈನ್ ಫಾಸ್ಫಟೇಸ್, ಬಿಳಿ ರಕ್ತಕಣ. ಎಲ್ಲ ಮಾಮೂಲಿ ಟೆಸ್ಟ್‌ಗಳೇ. ಆ ಲೆಕ್ಕದಲ್ಲಿ ಕ್ರಿಯಾಟಿನಿನ್ ಇಳಿದರೆ ವಯಸ್ಸೂ ಇಳಿಯುತ್ತದೆ! ಅಂದರೆ ತೊಡೆ ಕರಗಿದವರು ಕಾಗದದ ಮೇಲೆ ಚಿಕ್ಕವರಾಗುತ್ತಾರೆ. ನಿಮ್ಮ ಟೆಸ್ಟ್ ಪ್ಯಾಕೇಜಿನಲ್ಲಿ ಯಾವ ಲೆಕ್ಕ ಹಾಕಿದ್ದಾರೋ ಕೇಳಿ ನೋಡಿ. ಕ್ರಿಯಾಟಿನಿನ್ ಸೇರಿದ್ದರೆ ಆ 65ಕ್ಕೆ ಮರುಳಾಗಬೇಡಿ.

ನಮ್ಮವರದ್ದು ಉಲ್ಟಾ ಆಗಿತ್ತು, ಎಂಸಿವಿ ಮತ್ತು ಆರ್‌ಡಿಡಬ್ಲ್ಯೂ ಏರಿ ವಯಸ್ಸು ಜಾಸ್ತಿ ಬಂತು. ಕಾರಣ ಬಿ12 ಕೊರತೆ. ನಾವು ಸಸ್ಯಾಹಾರಿಗಳು, ಅವರು ವರ್ಷಗಟ್ಟಲೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಬೇರೆ ತಗೊಂಡಿದ್ದರು, ಅದೂ ಬಿ12 ಇಳಿಸುತ್ತದೆ. ಬಿ12 ಸರಿಹೋದ ಮೇಲೆ ಅಂಕಿಯೂ ಸರಿಹೋಯಿತು. ಆ ದುಡ್ಡಿಗೆ ಬಿ12 ಟೆಸ್ಟ್ ಮೊದಲೇ ಮಾಡಿಸಬಹುದಿತ್ತು. ಸಿಆರ್‌ಪಿಯೂ ಅಷ್ಟೇ. ನೆಗಡಿ, ಹಲ್ಲು ನೋವು ಇದ್ದಾಗ ಮಾಡಿಸಬೇಡಿ. ಎಚ್‌ಎಸ್ ಸಿಆರ್‌ಪಿ (ಸೂಕ್ಷ್ಮವಾಗಿ ಅಳೆಯುವ ಸಿಆರ್‌ಪಿ) 10 ದಾಟಿದರೆ ಒಂದೆರಡು ವಾರ ಬಿಟ್ಟು ಮತ್ತೆ ನೋಡಬೇಕು. ಆರಾಮಾಗಿದ್ದಾಗಲೂ 3ರ ಮೇಲೇ ಇದ್ದರೆ ಮಾತ್ರ ಅದರ ಬಗ್ಗೆ ಡಾಕ್ಟರ ಹತ್ತಿರ ಕೂತು ಮಾತಾಡಿ. ವರ್ಣತಂತುವಿನ ತುದಿ ಅಳೆದು ವಯಸ್ಸು ಹೇಳುವ ಟೆಲೊಮಿಯರ್ ಟೆಸ್ಟ್ ಅಂತ ಯಾರಾದರೂ ಮಾರಲು ಬಂದರೆ ಸುಮ್ನೆ ಕಳಿಸಿಬಿಡಿ. ಅದರ ಫಲಿತಾಂಶ ನೋಡಿ ಅಪ್ಪನ ಊಟದಲ್ಲಾಗಲಿ ಮಾತ್ರೆಯಲ್ಲಾಗಲಿ ಏನೂ ಬದಲಾಗುವುದಿಲ್ಲ.

ಮನೆಯಲ್ಲೇ ಮಾಡುವ ಪರೀಕ್ಷೆ ಹೇಳುತ್ತೇನೆ, ನಮಗೆ ಫಿಸಿಯೋ ಹೇಳಿಕೊಟ್ಟದ್ದು. ಕೈ ಇಲ್ಲದ ಕುರ್ಚಿಯನ್ನು ಗೋಡೆಗೆ ಒರಗಿಸಿ ಇಡಿ. ಅಪ್ಪ ಎದೆ ಮೇಲೆ ಕೈ ಕಟ್ಟಿಕೊಂಡು ಐದು ಸಲ ಪೂರ್ತಿ ಎದ್ದು ಕೂರಲಿ. ನೀವು ಪಕ್ಕದಲ್ಲೇ ನಿಂತು ಮೊಬೈಲಲ್ಲಿ ಸೆಕೆಂಡ್ ಎಣಿಸಿ. ಏಷ್ಯಾದ ತಜ್ಞರು 2019ರಲ್ಲಿ ಹಾಕಿದ ಗೆರೆ 12 ಸೆಕೆಂಡು, ಅಷ್ಟಾದರೆ ಅಥವಾ ಅದಕ್ಕಿಂತ ಹೆಚ್ಚಾದರೆ ಕಾಲಿನ ಶಕ್ತಿ ಕಡಿಮೆ ಅಂತ. ನಮ್ಮವರಿಗೆ 21 ಆಯಿತು. ಮೀನಖಂಡದ ಸುತ್ತಳತೆಯನ್ನೂ ಟೇಪಿನಲ್ಲಿ ನೋಡಿ. ಗಂಡಸರಿಗೆ 34 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಎಚ್ಚರ ಅನ್ನುತ್ತಾರೆ, ಹೆಂಗಸರಿಗೆ 33. ನಮ್ಮವರದ್ದು 31. ಕಾಲು ಊದಿದ್ದರೆ ಈ ಅಳತೆ ನಂಬಬೇಡಿ.

ಆ ಪರೀಕ್ಷೆಯೇ ನಮಗೆ ಮದ್ದಾಯಿತು. ದಿನ ಬಿಟ್ಟು ದಿನ, ಬೆಳಗಿನ ಕಾಫಿ ಆಗಿ ಒಂದು ಗಂಟೆ ಬಿಟ್ಟು ಕುರ್ಚಿ. ಶುರುವಿನಲ್ಲಿ ಎರಡು ದಿಂಬು ಹಾಕಿ ಎತ್ತರ ಮಾಡಿದೆ, ಐದು ಸಲ, ನಿಂತು ಸುಧಾರಿಸಿಕೊಂಡು ಮತ್ತೆ ಐದು. ಎರಡು ವಾರಕ್ಕೆ ಒಂದು ದಿಂಬು ತೆಗೆದೆ. ಆಮೇಲೆ ಕೈಯಲ್ಲಿ ಒಂದೊಂದು ಲೀಟರಿನ ನೀರಿನ ಬಾಟಲಿ. ಏಳುವಾಗ ಉಸಿರು ಬಿಡಬೇಕು. ಉಸಿರು ಬಿಗಿ ಹಿಡಿದು ಎದ್ದರೆ ಬಿಪಿ ಏರುತ್ತದೆ, ಹೃದಯದವರು ಅದನ್ನು ಮಾಡಲೇಬಾರದು. ಇದಲ್ಲದೆ ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತೋದು ಹತ್ತು ಸಲ. ಕೈಗೆ ಥೆರಾಬ್ಯಾಂಡ್ (ಎಳೆಯುವ ರಬ್ಬರ್ ಪಟ್ಟಿ), ಹಳದಿ ಬಣ್ಣದ್ದು ಸಾಕು, ಶುರುವಿಗೇ ಬಿಗಿಯಾದ ಹಸಿರು ತರಬೇಡಿ. ಕ್ಯಾಲೆಂಡರಿನಲ್ಲಿ ಸೆಕೆಂಡು ಬರೆಯುತ್ತಾ ಹೋದೆ: 21, 18, 15. ಏಳನೇ ತಿಂಗಳಿಗೆ 11.

ಈ ಗುಂಪಿನಲ್ಲಿ ಬೈಪಾಸ್ ಆದವರೂ ಇದ್ದೀರಿ, ಅದಕ್ಕೆ ಹೇಳುತ್ತಿದ್ದೇನೆ. ಎದೆ ಮೂಳೆ ಕೂಡುವವರೆಗೆ, ಸರ್ಜನ್ ಸರಿ ಅನ್ನುವವರೆಗೆ ಬಾಟಲಿ, ಬ್ಯಾಂಡ್ ಮುಟ್ಟಬೇಡಿ. ಮೆಟೊಪ್ರೊಲಾಲ್ ತರಹದ ಮಾತ್ರೆ ತಗೊಳ್ಳೋರು ವಾಚಿನಲ್ಲಿ ನಾಡಿ ನೋಡಿ ಸುಸ್ತು ಅಳೆಯಬೇಡಿ, ಆ ಮಾತ್ರೆ ನಾಡಿಯನ್ನು ಏರಲು ಬಿಡೋದಿಲ್ಲ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ಎದೆ ಹಿಡಿದರೆ, ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ. ನಡೆಯೋದು ಬಿಡಿಸಬೇಡಿ, ಆದರೆ 8 ಕಿಲೋಮೀಟರಿನಲ್ಲಿ ಅರ್ಧ ಸಮಯ ಇದಕ್ಕೆ ಕೊಡಿ. ಹಾರ್ಟ್ ಫೇಲ್ಯೂರ್ ಆಗಿ ಆಸ್ಪತ್ರೆ ಸೇರಿದ ವಯಸ್ಸಾದವರ ಮೇಲೆ ಅಮೆರಿಕದಲ್ಲಿ ರಿಹ್ಯಾಬ್ ಎಚ್‌ಎಫ್ ಅನ್ನುವ ಅಧ್ಯಯನ ಮಾಡಿದರು, 2021ರಲ್ಲಿ ಬಂತು. ಶಕ್ತಿ, ಸಮತೋಲನ, ಓಡಾಟ, ದಮ್ಮು ನಾಲ್ಕನ್ನೂ ಸೇರಿಸಿ ತರಬೇತಿ ಕೊಟ್ಟಾಗ ಅವರ ಓಡಾಟ ಸುಧಾರಿಸಿತು.

ಊಟ ಸರಿಯಿಲ್ಲದೆ ವ್ಯಾಯಾಮ ಮಾಡಿಸಿದರೆ ಇನ್ನೂ ಸೊರಗುತ್ತಾರೆ. ವಯಸ್ಸಾದವರಿಗೆ ಕೆಜಿಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತಾರೆ, 60 ಕೆಜಿಗೆ 60ರಿಂದ 72 ಗ್ರಾಂ. ನಾನು ಕೊಡುತ್ತಿದ್ದದ್ದು ಬಹಳ ಆದರೆ 30. ಈಗ ಬೆಳಿಗ್ಗೆ ಎರಡು ಹೆಸರುಬೇಳೆ ದೋಸೆ, ನಂದಿನಿ ನೀಲಿ ಪ್ಯಾಕೆಟ್ ಹಾಲು ಒಂದು ಲೋಟ. ಮಧ್ಯಾಹ್ನ ಮುದ್ದೆ ಮೊದಲಿನಷ್ಟೇ, ಆದರೆ ಸಾರಿನಲ್ಲಿ ಹುರುಳಿಯೋ ಅವರೆಯೋ ಕಾಳು ಸೌಟು ತುಂಬ, ಗಟ್ಟಿ ಮೊಸರು. ಸಂಜೆ ಒಂದು ಹಿಡಿ ಹುರಿಗಡಲೆ. ರಾತ್ರಿ ಎರಡು ಚಪಾತಿ, ಸೋಯಾ ಚಂಕ್ಸ್ ಪಲ್ಯ. ಒಣಗಿದ್ದು 25 ಗ್ರಾಂ ನೆನೆಸಿದರೆ ಅದರಲ್ಲೇ 13 ಗ್ರಾಂ ಸಿಗುತ್ತದೆ. ಮೊಟ್ಟೆ ತಿನ್ನೋರಾದರೆ ಇನ್ನೂ ಸುಲಭ. ಡಬ್ಬಿ ಪೌಡರಿಗೆ ಓಡಬೇಡಿ, ಹಿಂದಿನ ಚೀಟಿ ಓದಿ ನೋಡಿ, ಎಷ್ಟೋ ಡಬ್ಬಿಗಳಲ್ಲಿ ಸಕ್ಕರೆಯೇ ಜಾಸ್ತಿ. ಕಿಡ್ನಿ ತೊಂದರೆ ಇದ್ದವರು ಈ ಲೆಕ್ಕ ಹಾಕಿಕೊಳ್ಳಬೇಡಿ, ನಿಮ್ಮದು ಬೇರೆ.

ಎಣ್ಣೆ ಪೂರ್ತಿ ಬಿಡಿಸಿದ್ದೀರಿ ಅಂದಿರಿ. ಸ್ಪೇನಿನ ಕಾರ್ಡೊಬಾದಲ್ಲಿ 1002 ಹೃದ್ರೋಗಿಗಳನ್ನು ಏಳು ವರ್ಷ ನೋಡಿದರು, 2022ರಲ್ಲಿ ಪ್ರಕಟವಾಯಿತು. ಕಡಿಮೆ ಕೊಬ್ಬಿನ ಊಟದವರಿಗಿಂತ ಆಲಿವ್ ಎಣ್ಣೆ, ಬೀಜ, ಮೀನು, ತರಕಾರಿ ಇದ್ದ ಮೆಡಿಟರೇನಿಯನ್ ಊಟದವರಿಗೆ ತೊಂದರೆ ಕಡಿಮೆ ಆಯಿತು. ಹಾಗಂತ ನಾನು ಆಲಿವ್ ಎಣ್ಣೆ ತರಲಿಲ್ಲ. ಅಡುಗೆಗೆ ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಕಡಲೆಕಾಯಿ ಎಣ್ಣೆ, ದಿನಾ ನಾಲ್ಕು ಬಾದಾಮಿ, ಎರಡು ಅಕ್ರೋಟು. ಬಿಡಿಸಬೇಕಾದದ್ದು ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರ. ಲೈಟ್ ಉಪ್ಪು ತರೋ ಮೊದಲು ಡಾಕ್ಟರನ್ನು ಕೇಳಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ರಾಮಿಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ತರಹದ ಬಿಪಿ, ಹೃದಯದ ಮಾತ್ರೆ ತಗೊಳ್ಳೋರಿಗೆ ಅಪಾಯ.

ಸ್ಟ್ಯಾಟಿನ್ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಎಲ್‌ಡಿಎಲ್ 48 ಬಂದಿರೋದು ಆ ಮಾತ್ರೆಯಿಂದ. ಸ್ಟೆಂಟ್ ಆದವರಿಗೆ 55ರ ಕೆಳಗೇ ಇರಬೇಕು ಅನ್ನುತ್ತಾರೆ, ನಿಲ್ಲಿಸಿದರೆ ಕೆಲವೇ ವಾರದಲ್ಲಿ ಮತ್ತೆ ಮೇಲೆ ಹೋಗುತ್ತದೆ. ಮೈಕೈ ನೋವು ಇದೆ ಅಂತಾದರೆ ಡಾಕ್ಟರಿಗೆ ಹೇಳಿ, ಡೋಸು ಅಥವಾ ಮಾತ್ರೆ ಬದಲಿಸುತ್ತಾರೆ. ನೀವಾಗಿ ಕೈ ಹಾಕಬೇಡಿ. ಅವರನ್ನು ಕೇಳಬೇಕಾದದ್ದು ಬಿಪಿ ಮಾತ್ರೆ ಬಗ್ಗೆ. 8 ಕೆಜಿ ಇಳಿದವರಿಗೆ ಹಳೇ ಡೋಸು ಜಾಸ್ತಿಯಾಗಬಹುದು. ಅಪ್ಪ ಐದು ನಿಮಿಷ ಮಲಗಿದ್ದಾಗ ಒಮ್ಮೆ, ಎದ್ದು ನಿಂತು ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಬಿಪಿ ಅಳೆಯಿರಿ. ನಮ್ಮಲ್ಲಿ ತೋಳಿಗೆ ಕಟ್ಟುವ ಓಮ್ರಾನ್ ಬಿಪಿ ಮೆಷಿನ್ ಇದೆ, ಮಣಿಕಟ್ಟಿನದು ನನಗೆ ಹಿಡಿಸಲಿಲ್ಲ. ಮೇಲಿನ ಅಂಕಿ 20 ಇಳಿದರೆ ತಡ ಮಾಡಬೇಡಿ, ಬಚ್ಚಲಲ್ಲಿ ಬಿದ್ದರೆ ಸೊಂಟದ ಮೂಳೆ ಹೋಗುತ್ತದೆ. ಸಕ್ಕರೆಗೆ ಗ್ಲಿಮೆಪಿರೈಡ್ ತಗೊಳ್ಳುತ್ತಿದ್ದರೆ ರಾತ್ರಿ ಊಟ ನಿಲ್ಲಿಸೋ ಮಾತೇ ಬೇಡ, ಬೆಳಗಿನ ಜಾವ ಶುಗರ್ ಕುಸಿಯಬಹುದು. ಇನ್ನೊಂದು, ಊಟ ಬೇಡ ಅನ್ನುತ್ತಿರೋದು ಅಪ್ಪನೇ ಆದರೆ ತೂಕ ಇಳಿಯಲು ಬೇರೆ ಕಾರಣ ಇದೆಯಾ ಅಂತಲೂ ನೋಡಿಸಬೇಕು.

ನಾಳೆ ಬೆಳಿಗ್ಗೆ ಕುರ್ಚಿ ಹಾಕಿ ಐದು ಸಲಕ್ಕೆ ಎಷ್ಟು ಸೆಕೆಂಡು ಬಂತು ಅಂತ ಇಲ್ಲೇ ಬರೆಯಿರಿ. ಅಪ್ಪ ಒಂದು ದಿನ ಏನೇನು ತಿಂದರು ಅನ್ನೋದನ್ನೂ ಹಾಕಿ, ಎಲ್ಲಿ ಕಾಳು ಸೇರಿಸಬಹುದು ಅಂತ ನಾನು ಹೇಳುತ್ತೇನೆ.