ಸೊಂಟದ ಕೀಲು ನಿಜವಾಗಿ ಎಲ್ಲಿದೆ? ಓದುಗರ ಪ್ರಶ್ನೆಗೆ ಮೂಳೆ ತಜ್ಞರ ಉತ್ತರ

ಈ ಸಲ ಕೋಲಾರ ಜಿಲ್ಲೆಯ ಮೂವರ ಪ್ರಶ್ನೆಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೂವರಿಗೂ ನೋವು ಒಂದು ಕಡೆ, ಅನುಮಾನ ಇನ್ನೊಂದು ಕಡೆ. ಹುಡುಗನ ವಿಷಯ ತಡ ಮಾಡುವಂಥದ್ದಲ್ಲ, ಅದಕ್ಕೇ ಅದು ಮೊದಲು.

ಪ್ರಶ್ನೆ: ಮಗನಿಗೆ 12 ವರ್ಷ, ಸ್ವಲ್ಪ ದಪ್ಪ ಇದ್ದಾನೆ. ಎರಡು ತಿಂಗಳಿಂದ ಎಡ ಮಂಡಿ ನೋವು ಅಂತಾನೆ. ಮಂಡಿಯ ಎಕ್ಸ್‌ರೇಯಲ್ಲಿ ಏನೂ ಇಲ್ಲ. ಆದರೂ ಕುಂಟುತ್ತಾನೆ, ನಡೆಯುವಾಗ ಪಾದ ಹೊರಕ್ಕೆ ತಿರುಗುತ್ತೆ. ಸ್ಕೂಲು ತಪ್ಪಿಸೋಕೆ ನಾಟಕ ಅಂತ ಮನೆಯಲ್ಲಿ ಬೈತಾರೆ.
— ಒಬ್ಬ ತಾಯಿ, ಬಂಗಾರಪೇಟೆ

ಉತ್ತರ: ಅಮ್ಮ, ದಯವಿಟ್ಟು ಅವನನ್ನು ಬೈಯಬೇಡಿ. ಇವತ್ತೇ ಅವನ ಸೊಂಟದ ಕೀಲಿನ ಎಕ್ಸ್‌ರೇ ತೆಗೆಸಿ.

ಸೊಂಟದ ಕೀಲಿಗೂ ಮಂಡಿಗೂ ಕೆಲವು ನರಗಳು ಒಂದೇ. ಹಾಗಾಗಿ ಮೇಲೆ ತೊಂದರೆ ಇದ್ದರೂ ಮಗು ಮಂಡಿ ಹಿಡಿದುಕೊಂಡು ಅಳಬಹುದು. ಬೆಳೆಯುವ ವಯಸ್ಸಿನಲ್ಲಿ ತೊಡೆಮೂಳೆಯ ತಲೆ ಮತ್ತು ಕತ್ತಿನ ನಡುವೆ ಎಳೆ ಮೂಳೆಯ ಪದರ ಇರುತ್ತದೆ. ಕೆಲವು ಮಕ್ಕಳಲ್ಲಿ, ಅದರಲ್ಲೂ ತೂಕ ಜಾಸ್ತಿ ಇರುವವರಲ್ಲಿ, ತಲೆ ಆ ಪದರದ ಹತ್ತಿರ ಜರುಗಿಬಿಡುತ್ತದೆ. ಕುಂಟು ನಡಿಗೆ, ಹೊರಗೆ ತಿರುಗಿದ ಪಾದ, ಚೆನ್ನಾಗಿರುವ ಮಂಡಿ: ಈ ಮೂರೂ ಸೇರಿದರೆ ನನ್ನ ಮೊದಲ ಅನುಮಾನ ಅದೇ. ತಲೆಗೆ ರಕ್ತ ಕೊಡುವ ಸಣ್ಣ ನಾಳಗಳು ಕತ್ತಿನ ಮೇಲೇ ಹಾದು ಹೋಗುತ್ತವೆ. ಜಾಸ್ತಿ ಜರುಗಿದರೆ ಅವಕ್ಕೆ ಪೆಟ್ಟಾಗಿ ಮೂಳೆಯ ತಲೆಯೇ ಸಾಯಬಹುದು.

ಎಕ್ಸ್‌ರೇ ಆಗುವವರೆಗೆ ಆ ಕಾಲಿನ ಮೇಲೆ ಭಾರ ಬೇಡ. ಎತ್ತಿಕೊಂಡೋ, ಗಾಲಿ ಕುರ್ಚಿಯಲ್ಲೋ ಕರೆದೊಯ್ಯಿರಿ. ಎರಡೂ ಕಡೆಯ ಕೀಲು, ನೇರವಾಗಿ ಒಂದು, ಕಾಲು ಅಗಲಿಸಿ ಒಂದು ಎಕ್ಸ್‌ರೇ ಕೇಳಿ. ನನ್ನ ಅನುಮಾನ ನಿಜವಾದರೆ ಆಪರೇಷನ್ ಮಾಡಿ ಸ್ಕ್ರೂ ಹಾಕಿ ನಿಲ್ಲಿಸುತ್ತಾರೆ. ಬೇಗ ಮಾಡಿದಷ್ಟೂ ಕೀಲು ಚೆನ್ನಾಗಿ ಉಳಿಯುತ್ತದೆ.

ಪ್ರಶ್ನೆ: ನನಗೆ 54 ವರ್ಷ. ಎರಡು ಹಸು ಇವೆ, ಮಾವಿನ ತೋಪಿನ ಕೆಲಸಕ್ಕೂ ಹೋಗುತ್ತೇನೆ. ಬಲಗಡೆ ಸೊಂಟದ ಪಕ್ಕದಲ್ಲಿ ನೋವು. ರಾತ್ರಿ ಆ ಮಗ್ಗುಲಿಗೆ ಮಲಗೋಕೇ ಆಗಲ್ಲ. ಎಕ್ಸ್‌ರೇ ಸರಿಯಾಗಿದೆ ಅಂದರು. ಅಕ್ಕಪಕ್ಕದವರು ಕೀಲು ಸವೆದಿದೆ, ಬದಲಾಯಿಸಬೇಕು ಅಂತಾರೆ. ಬೋರ್ ನೀರಿನಿಂದ ಆಗಿದೆಯಾ?
— ಶ್ರೀನಿವಾಸಪುರ ತಾಲ್ಲೂಕಿನ ಓದುಗರು

ಉತ್ತರ: ಅಮ್ಮ, ನೀವು ಕೈಯಿಟ್ಟು ತೋರಿಸುವ ಜಾಗದಲ್ಲಿ ಕೀಲೇ ಇಲ್ಲ. ತೊಡೆಸಂದಿನ ಮಡಿಕೆಯ ನಡುವೆ ಬೆರಳಿಟ್ಟು ನೋಡಿ, ನಾಡಿ ಬಡಿಯುತ್ತದೆ. ಕೀಲು ಇರುವುದು ಅದರ ಹಿಂದೆ, ಆಳದಲ್ಲಿ. ಒರಳಿನ ಗುಳಿಯಲ್ಲಿ ಗುಂಡುಕಲ್ಲು ಕೂತ ಹಾಗೆ ತೊಡೆಮೂಳೆಯ ತಲೆ ಅಲ್ಲಿ ಕೂತಿರುತ್ತದೆ. ಕೀಲು ಸವೆದವರಿಗೆ ಸಾಮಾನ್ಯವಾಗಿ ನೋವು ತೊಡೆಸಂದಿನಲ್ಲಿ ಬರುತ್ತದೆ. ಚಕ್ಕಲಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲಲ್ಲಿ ಹಾಲು ಕರೆಯುವುದು ಕಷ್ಟವಾಗುತ್ತದೆ. ನಿಮಗೆ ಇವೆರಡೂ ಸಲೀಸಾಗಿ ಆಗುತ್ತಿದ್ದರೆ ಕೀಲು ಬದಲಾಯಿಸುವ ಯೋಚನೆ ಬಿಡಿ.

ಹಾಗಾದರೆ ಪಕ್ಕದಲ್ಲಿ ಗಟ್ಟಿಯಾಗಿ ಕೈಗೆ ಸಿಗುವುದು ಏನು? ಅದು ತೊಡೆಮೂಳೆಯ ಹೊರಗಡೆಯ ಉಬ್ಬು. ತೊಡೆಮೂಳೆ ತಲೆಯಿಂದ ನೇರ ಕೆಳಗೆ ಇಳಿಯುವುದಿಲ್ಲ. ಮೊದಲು ಕತ್ತು ಓರೆಯಾಗಿ ಹೊರಗೆ ಬರುತ್ತದೆ, ಆಮೇಲೆ ಸುಮಾರು 125ರಿಂದ 130 ಡಿಗ್ರಿ ಕೋನದಲ್ಲಿ ತಿರುಗಿ ಮಂಡಿಯ ಕಡೆ ಇಳಿಯುತ್ತದೆ. ಆ ತಿರುವಿನಲ್ಲಿ ಇರುವುದೇ ಈ ಉಬ್ಬು. ಸೊಂಟದ ಅಗಲ ಮೂಳೆಯಿಂದ ಬರುವ ಪೃಷ್ಠದ ಎರಡು ಸ್ನಾಯುಗಳು ಇಲ್ಲಿಗೆ ಬಂದು ಅಂಟಿಕೊಳ್ಳುತ್ತವೆ.

ಈ ಎರಡು ಸ್ನಾಯುಗಳ ಕೆಲಸ ಎಷ್ಟು ದೊಡ್ಡದು ಅಂತ ಬಹಳ ಜನಕ್ಕೆ ಗೊತ್ತಿಲ್ಲ. ನಡೆಯುವಾಗ ಪ್ರತಿ ಹೆಜ್ಜೆಗೂ ಸ್ವಲ್ಪ ಹೊತ್ತು ಒಂದೇ ಕಾಲಿನ ಮೇಲೆ ನಿಂತಿರುತ್ತೇವೆ, ಅಲ್ವಾ? ಆಗ ಎತ್ತಿದ ಕಾಲಿನ ಕಡೆ ಸೊಂಟ ಜೋತು ಬೀಳದಂತೆ ಹಿಡಿಯುವುದು ಇವೇ. ಮೈಭಾರ ಬೀಳುವುದು ಕೀಲಿನಿಂದ ದೂರದಲ್ಲಿ, ಸ್ನಾಯು ಎಳೆಯುವುದು ಕೀಲಿನ ಹತ್ತಿರದಲ್ಲಿ. ಅದಕ್ಕೇ ಅದು ಮೈಭಾರಕ್ಕಿಂತ ಜಾಸ್ತಿ ಬಲ ಹಾಕಿ ಎಳೆಯಬೇಕು. ಹೀಗಾಗಿ ಸುಮ್ನೆ ನಡೆದರೂ ಕೀಲಿನ ಮೇಲೆ ಮೈತೂಕದ ಎರಡೂವರೆಯಿಂದ ಮೂರು ಪಟ್ಟು ಒತ್ತಡ ಬೀಳುತ್ತದೆ. ಊರುಗೋಲನ್ನು ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು ಅನ್ನುವುದೂ ಇದಕ್ಕೇ. ಕೋಲು ಆ ಸ್ನಾಯುವಿನ ಕೆಲಸವನ್ನು ಹಂಚಿಕೊಳ್ಳುತ್ತದೆ. ನೋವಿರುವ ಕಡೆಯೇ ಕೋಲು ಹಿಡಿದು ನಡೆಯುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ.

ನಿಮ್ಮ ನೋವು ಆ ಸ್ನಾಯುಗಳ ರಜ್ಜು ಉಬ್ಬಿಗೆ ಅಂಟುವ ಜಾಗದ್ದು ಅನಿಸುತ್ತದೆ. 40 ದಾಟಿದ ಹೆಂಗಸರಲ್ಲಿ ಇದು ಜಾಸ್ತಿ. ಕಾಲು ಒಳಗೆ ಸರಿದಾಗ ರಜ್ಜು ಉಬ್ಬಿನ ಮೇಲೆ ಒತ್ತುತ್ತದೆ. ಬಿಂದಿಗೆಯನ್ನೋ ಮೊಮ್ಮಗುವನ್ನೋ ಸೊಂಟದ ಮೇಲೆ ಕೂರಿಸಿಕೊಂಡು ಒಂದು ಕಡೆ ವಾಲಿ ನಿಂತಾಗ ಆಗುವುದು ಇದೇ. ಕಾಲ ಮೇಲೆ ಕಾಲು ಹಾಕಿ ಕೂತರೂ ಅಷ್ಟೇ. ಈ ಎರಡನ್ನು ಮೊದಲು ಬಿಡಿ. ರಾತ್ರಿ ಇನ್ನೊಂದು ಮಗ್ಗುಲಿಗೆ ಮಲಗಿ, ಎರಡು ಮಂಡಿಗಳ ನಡುವೆ ದಿಂಬು ಇಟ್ಟುಕೊಳ್ಳಿ. ಕಾಲನ್ನು ಅಡ್ಡ ಎಳೆದು ಹಿಗ್ಗಿಸುವ ವ್ಯಾಯಾಮ ಯಾರಾದರೂ ಹೇಳಿದರೆ ಮಾಡಬೇಡಿ, ನೋವು ಹೆಚ್ಚುತ್ತದೆ.

ಇಂಜೆಕ್ಷನ್‌ಗೆ ಅವಸರ ಬೇಡ. ಇದೇ ನೋವಿದ್ದ 204 ಜನರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. 8 ವಾರದ ಹೊತ್ತಿಗೆ, ತಿಳಿವಳಿಕೆ ಜೊತೆ ವ್ಯಾಯಾಮ ಮಾಡಿದವರಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್ ಪಡೆದವರಿಗಿಂತ ಜಾಸ್ತಿ ಜನ ಸುಧಾರಿಸಿದ್ದರು. ಫಿಸಿಯೋಥೆರಪಿಸ್ಟ್ ಒಬ್ಬರ ಹತ್ತಿರ ಕಲಿತು, ಮನೆಯಲ್ಲಿ ಎರಡು ಮೂರು ತಿಂಗಳು ಬಿಡದೆ ಮಾಡಿ.

ಬೋರ್ ನೀರಿನ ಭಯ ನ್ಯಾಯವಾದದ್ದೇ. ಆಳದ ಬೋರ್‌ವೆಲ್ಲುಗಳಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರುಗಳು ನಮ್ಮ ಜಿಲ್ಲೆಯಲ್ಲಿವೆ. ಆದರೆ ಆ ತೊಂದರೆ ಮೂಳೆಗೆ ಇಳಿದರೆ ಬೆನ್ನು, ಎರಡೂ ಕಡೆಯ ಕೀಲು ಬಿಗಿಯುತ್ತವೆ, ಬಲಿತ ಮೇಲೆ ಎಕ್ಸ್‌ರೇಯಲ್ಲೂ ಕಾಣುತ್ತದೆ. ಒಂದೇ ಪಕ್ಕದ ನಿಮ್ಮ ನೋವು ಹಾಗಿಲ್ಲ. ಆದರೂ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಆ ನೀರು ಬೇಡ.

ಪ್ರಶ್ನೆ: ಮಾಲೂರಿನಲ್ಲಿ ಗೂಡ್ಸ್ ಟೆಂಪೊ ಓಡಿಸುತ್ತೇನೆ. ವಯಸ್ಸು 38. ಬಲ ತೊಡೆಯ ಹೊರಭಾಗ ಉರಿ, ಜೋಮು. ಪ್ಯಾಂಟ್ ಬಟ್ಟೆ ತಾಗಿದರೂ ಚುರುಚುರು. ಬೆನ್ನು ನೋವಿಲ್ಲ. ಇದು ಸಯಾಟಿಕಾನಾ ಸಾರ್?

ಉತ್ತರ: ಅಲ್ಲ ಅನಿಸುತ್ತದೆ. ಸಯಾಟಿಕ್ ನರ ದೇಹದ ಅತಿ ದಪ್ಪ ನರ, ತೊಡೆಯ ಹಿಂದೆ ಇಳಿಯುತ್ತದೆ. ಅದರ ನೋವು ಸಾಮಾನ್ಯವಾಗಿ ಮಂಡಿ ದಾಟಿ ಮೀನಖಂಡ, ಪಾದದವರೆಗೂ ಹೋಗುತ್ತದೆ. ತೊಡೆಯ ಹೊರಭಾಗದ ಚರ್ಮಕ್ಕೆ ಬೇರೆಯೇ ಒಂದು ತೆಳು ನರ ಇದೆ. ಸೊಂಟದ ಮುಂದೆ ಕೈಗೆ ಸಿಗುವ ಮೂಳೆಯ ಮೂಲೆ ಪಕ್ಕದಲ್ಲೇ ಅದು ತೊಡೆಗೆ ಇಳಿಯುತ್ತದೆ. ಹೊಟ್ಟೆ ಬಂದಾಗ, ಬೆಲ್ಟ್ ಬಿಗಿ ಕಟ್ಟಿ ಗಂಟೆಗಟ್ಟಲೆ ಕೂತಾಗ ಅಲ್ಲಿ ಒತ್ತುತ್ತದೆ. ಈ ನರಕ್ಕೆ ಚರ್ಮದ ಕೆಲಸ ಮಾತ್ರ, ಸ್ನಾಯುವಿನ ಕೆಲಸ ಇಲ್ಲ. ಹಾಗಾಗಿ ಕಾಲಿನ ಶಕ್ತಿ ಹೋಗುವ ಭಯ ಬೇಡ.

ಬೆಲ್ಟ್ ಸಡಿಲ ಮಾಡಿ, ಉಡುದಾರ ಬಿಗಿಯಿದ್ದರೆ ಅದನ್ನೂ. ತೂಕ ಇಳಿಸಿ, ಒಮ್ಮೆ ಶುಗರ್ ಪರೀಕ್ಷೆ ಮಾಡಿಸಿ. ಹೆಚ್ಚಿನವರಿಗೆ ಕೆಲವು ವಾರ, ತಿಂಗಳಲ್ಲಿ ತಾನಾಗೇ ಕಡಿಮೆಯಾಗುತ್ತದೆ. ಆದರೆ ಮೆಟ್ಟಿಲು ಹತ್ತುವಾಗ ಮಂಡಿ ಸೋತರೆ, ಪಾದ ಎತ್ತಲು ಆಗದಿದ್ದರೆ, ಮೂತ್ರ ಕಟ್ಟಿದರೆ ಅದು ಬೆನ್ನುಮೂಳೆಯ ಸಮಸ್ಯೆ ಇರಬಹುದು. ಆಗ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.